ಹಾಲುಗುಂಬಳದ ಜ್ಯೂಸ್ ಕಹಿಯಾದರೆ?

ಪ್ರಶ್ನೆ: ದಿನಾ ಬೆಳಿಗ್ಗೆ ಹಿತ್ತಲಿನ ಹಾಲುಗುಂಬಳದ (ಸೋರೆಕಾಯಿ) ಜ್ಯೂಸ್ ಕುಡಿಯುತ್ತೇನೆ. ಮೊನ್ನೆ ಕಹಿಯಾಗಿತ್ತು. ಜೇನುತುಪ್ಪ ಬೆರೆಸಿ ಕುಡಿಯಬಹುದಾ? ಸೋಸಲೇಬೇಕಾ?
– ಓದುಗರು, ಶಿರಸಿ

ಉತ್ತರ: ಬೇಡವೇ ಬೇಡ, ಚೆಲ್ಲಿಬಿಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಜೇನು ಹಾಕಿದರೆ ಕಹಿ ಮುಚ್ಚೀತು, ವಿಷ ಹೋಗದು. ಕುಡಿದು ವಾಂತಿ, ಭೇದಿ ಶುರುವಾದರೆ ಮಜ್ಜಿಗೆ ಕುಡಿದು ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನಮ್ಮನೆ ಬಚ್ಚಲ ಹಿಂದಿನ ಬಳ್ಳಿಯಲ್ಲೂ ಒಮ್ಮೆ ಹೀಗೇ ಆಗಿತ್ತು. ನೋಡಲು ಎಳೆಕಾಯಿ, ಒತ್ತಿದರೆ ಉಗುರು ಇಳಿಯುತ್ತಿತ್ತು! ಅಂದಿನಿಂದ ಒಂದು ಚೂರು ಕೊಯ್ದು ನಾಲಿಗೆಗೆ ಮುಟ್ಟಿಸಿ, ಉಗುಳಿ, ಆಮೇಲೇ ಮಿಕ್ಸಿಗೆ ಹಾಕುತ್ತೇನೆ. ಕ್ಯಾರೆಟ್, ಶುಂಠಿ ಬೆರೆಸುವ ಮೊದಲೇ ನೋಡಿ. ಬೆರೆತ ಮೇಲೆ ಕಹಿ ಗೊತ್ತಾಗದೇ ಹೋದೀತು.

ಸೋಸಬೇಡಿ, ನಾರೆಲ್ಲ ಹೋಗುತ್ತದೆ ಅಲ್ವಾ? ಬೇಸಿಗೆಗೆ ನನ್ನ ಓಟು ಮಾತ್ರ ಮುರುಗಲು (ಕೋಕಂ) ಪಾನಕಕ್ಕೇ, ಸಕ್ಕರೆ ಕಡಿಮೆ ಹಾಕಿ.