ಮರಾಠಿ ಮಾಧ್ಯಮದ ಮಕ್ಕಳಿಗೆ ಕನ್ನಡ ಪದ ಕಲಿಸಲು ವರ್ಡ್ ಕ್ಲೌಡ್: ಯಾವ ವೆಬ್‌ಸೈಟ್ ಒಳ್ಳೆಯದು?

ಬೆಳಗಾವಿಯ ಮರಾಠಿ ಮಾಧ್ಯಮದ ಎಂಟನೇ ತರಗತಿಗೆ ವರ್ಡ್ ಕ್ಲೌಡ್‌ನಿಂದ, ಅಂದರೆ ಪಾಠದ ಪದಗಳನ್ನೇ ಗುಂಪುಗೂಡಿಸಿದ ಚಿತ್ರದಿಂದ, ಕನ್ನಡ ಪದ ಕಲಿಸಲು ಯಾವ ವೆಬ್‌ಸೈಟ್ ಒಳ್ಳೆಯದು ಅಂತ ಕೇಳಿದ್ದೀರಿ. ಪ್ರಶ್ನೆ ಓದಿ ನಗು ಬಂತು, ನಾನೂ ಅದೇ ಊರಲ್ಲಿ ಅಂಥದೇ ತರಗತಿಗೆ ಕನ್ನಡ ಕಲಿಸುವವನು. ವೆಬ್‌ಸೈಟ್ ಯಾವುದಾದರೂ ಇರಲಿ, ತೊಂದರೆ ಅಲ್ಲಿಲ್ಲ.

ವಿಜಯಪುರ ಪ್ರವಾಸಕ್ಕೆ ಮೊದಲು ಗೋಳಗುಮ್ಮಟದ ಬಗ್ಗೆ ಒಂದು ಪುಟ ಬರೆದು ವೆಬ್‌ಸೈಟಿಗೆ ಹಾಕಿದೆ. ಜಾಸ್ತಿ ಸಲ ಬಂದ ಪದವನ್ನು ಅದು ದೊಡ್ಡದಾಗಿ ತೋರಿಸುತ್ತದೆ, ಅಷ್ಟೇ ಅದರ ಲೆಕ್ಕ. ಇಂಗ್ಲಿಷಿನ ‘ದಿ’, ‘ಆ್ಯಂಡ್’ಗಳನ್ನು ತಾನೇ ತೆಗೆಯುತ್ತಿತ್ತು, ಕನ್ನಡದವು ಅದಕ್ಕೆ ಗೊತ್ತಿರಲಿಲ್ಲ. ನಟ್ಟನಡುವೆ ಬಂದು ಕೂತದ್ದು ‘ಮತ್ತು’. “ಸರ, ‘ಮತ್ತು’ ಅಂದ್ರ ಯಾವ ರಾಜಾ ರೀ?” ಅಂತ ಒಬ್ಬ ಕೇಳಿದ. ನಿಜವಾದ ರಾಜ ಮೊಹಮ್ಮದ್ ಆದಿಲ್ ಶಾ ಮೂರು ತುಂಡಾಗಿದ್ದ. ಗುಮ್ಮಟ, ಗುಮ್ಮಟದ, ಗುಮ್ಮಟಕ್ಕೆ, ಗುಮ್ಮಟದಲ್ಲಿ ಒಂದೊಂದು ಮೂಲೆಯಲ್ಲಿ ಸಣ್ಣಗೆ ಬಿದ್ದಿದ್ದವು. ಯಂತ್ರಕ್ಕೆ ಅವೆಲ್ಲ ಬೇರೆ ಬೇರೆ ಪದ.

ನಾನು ಕೆಟ್ಟದ್ದು ಇದರ ನಂತರ. ಜಾಣತನ ಅಂದುಕೊಂಡು ಪ್ರತ್ಯಯಗಳನ್ನೆಲ್ಲ ಕತ್ತರಿಸಿದೆ. ಚಿತ್ರ ಚೆಂದ ಬಂತು: ಗುಮ್ಮಟ, ಮೆಟ್ಟಿಲು, ಗೋಡೆ, ಪಿಸುಮಾತು. ವರ್ಷವಿಡೀ ಪ್ರತಿ ಪಾಠಕ್ಕೂ ಹಾಗೇ ಮಾಡಿ ಗೋಡೆಗೆ ಅಂಟಿಸಿದೆ. ಮಕ್ಕಳಿಗೆ ಪದಗಳು ಬಂದವು. ಪರೀಕ್ಷೆಯ ಪ್ರಬಂಧದಲ್ಲಿ ಬರೆದದ್ದು ಹೀಗೆ: “ನಾವು ವಿಜಯಪುರ ಹೋದೆವು. ಗುಮ್ಮಟ ಮೆಟ್ಟಿಲು ಹತ್ತಿದೆವು. ಗೋಡೆ ಕಿವಿ ಇಟ್ಟೆವು.” ‘ವಿಜಯಪುರಕ್ಕೆ’ ಇಲ್ಲ, ‘ಗುಮ್ಮಟದ’ ಇಲ್ಲ, ‘ಗೋಡೆಗೆ’ ಇಲ್ಲ. ಮರಾಠಿಯಲ್ಲೂ ಪ್ರತ್ಯಯ ಇವೆ, ಮಕ್ಕಳಿಗೆ ಅದೇನು ಹೊಸತಲ್ಲ. ನಾನು ಬೋಳು ಪದ ತೋರಿಸಿದೆ, ಅವರು ಬೋಳು ಪದ ಬರೆದರು. ಯಾರು ಎಲ್ಲಿಗೆ ಹೋದರು, ಯಾರಿಗೆ ಏನು ಕೊಟ್ಟರು ಅನ್ನೋದೆಲ್ಲ ಕನ್ನಡದಲ್ಲಿ ಪದದ ಕೊನೆಯಲ್ಲಿದೆ. ನಾನು ಕತ್ತರಿಸಿ ಎಸೆದದ್ದೇ ಅದನ್ನು. ಅಂಕ ಹೋದದ್ದು ಮಾತ್ರ ಮಕ್ಕಳದು.

ಅದಕ್ಕೇ ಹೇಳುತ್ತೇನೆ, ವರ್ಡ್ ಕ್ಲೌಡ್‌ನಿಂದ ‘ಪದ ಕಲಿಸುವುದು’ ಬೇಡ. ಪಾಠಕ್ಕೆ ಮೊದಲು ಊಹೆಯ ಆಟ ಆಡಿಸಿ: ಚಿತ್ರ ನೋಡಿ ಪಾಠ ಯಾವುದರ ಬಗ್ಗೆ ಅಂತ ಹೇಳಲಿ, ಆಮೇಲೆ ಓದಿ ತಾಳೆ ನೋಡಲಿ. ಪಕ್ಕದಲ್ಲೇ ಗೆ, ಕ್ಕೆ, ಅಲ್ಲಿ, ಇಂದ, ಅನ್ನು ಬರೆದಿಡಿ. ಎರಡು ಪದ ಆರಿಸಿ, ಪ್ರತ್ಯಯ ಹಚ್ಚಿ, ವಾಕ್ಯ ಹೇಳಬೇಕು. ಮರಕ್ಕೆ ಆದರೆ ಮನೆಗೆ ಯಾಕೆ ಅಂತ ಜಗಳ ಎದ್ದರೆ ಏಳಲಿ, ಒಳ್ಳೆಯದೇ. ನಾನಂತೂ ಈಗ ಸೀಮೆಸುಣ್ಣದಲ್ಲೇ ಬರೆಯುತ್ತೇನೆ. ಜಾಸ್ತಿ ಮಕ್ಕಳು ಹೇಳಿದ ಪದ ದೊಡ್ಡದು. ನೆಟ್ ಬೇಡ, ಪ್ರೊಜೆಕ್ಟರ್ ಬೇಡ.

ಇಲ್ಲ, ವೆಬ್‌ಸೈಟೇ ಬೇಕು ಅಂದರೆ ಮೊದಲು ‘ವಿದ್ಯಾರ್ಥಿ’, ‘ಕಾರ್ಯಕ್ರಮ’ ಹಾಕಿ ನೋಡಿ. ಒತ್ತಕ್ಷರ ಕಳಚಿ ಬಿದ್ದರೆ ಆ ವೆಬ್‌ಸೈಟ್ ಬಿಡಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಪೇಸ್ಟ್ ಮಾಡಬೇಡಿ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಮೊದಲು ಯುನಿಕೋಡ್‌ಗೆ, ಅಂದರೆ ವೆಬ್‌ಸೈಟುಗಳಿಗೆ ಅರ್ಥವಾಗುವ ಅಕ್ಷರಸಂಕೇತಕ್ಕೆ, ಬದಲಿಸಿಕೊಳ್ಳಿ.