ಗೆಲ್ಲಬೇಕೆಂದರೆ ಎಡಪಕ್ಷ ತನ್ನ ನೀತಿಗಳನ್ನು ಮೆದು ಮಾಡಿಕೊಳ್ಳಬೇಕೇ?

ಬ್ರಿಟನ್ನಿನ ಲೇಬರ್ ಪಕ್ಷ ಮೆದುಗೊಂಡೇ ಗೆದ್ದಿತಲ್ಲ, ನಮ್ಮ ತಾಲ್ಲೂಕಿನ ಎಡಪಕ್ಷವೂ ಹಾಗೆಯೇ ಮಾಡಬೇಕೇ ಎಂದು ನೀವು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ನಮ್ಮ ಪಕ್ಷದ ಸಭೆಯಲ್ಲಿ ಎತ್ತಿದವನು ನಾನೇ. ಉತ್ತರ ಹೇಳಿದವನೂ ನಾನೇ. "ಮೆದು ಮಾಡಿಕೊಳ್ಳಲೇಬೇಕು, ಇಲ್ಲದಿದ್ದರೆ ಜೀವಮಾನವಿಡೀ ಮೂರನೆಯ ಸ್ಥಾನದಲ್ಲೇ ಇರುತ್ತೇವೆ" ಎಂದಿದ್ದೆ. ಮೆದು ಮಾಡಿಕೊಂಡೆವು. ನಾಲ್ಕನೆಯ ಸ್ಥಾನಕ್ಕೆ ಇಳಿದೆವು.

ಕೆಲವು ವರ್ಷಗಳ ಹಿಂದಿನ ರಬಕವಿ-ಬನಹಟ್ಟಿ ನಗರಸಭೆ ಚುನಾವಣೆ ಅದು. ಪಕ್ಷದ ಹೆಸರು ಬೇಡ, ಸಣ್ಣ ಎಡಪಕ್ಷ ಎಂದರೆ ಸಾಕು. ನಮ್ಮ ವಾರ್ಡಿನ ಓಣಿಗಳಿಗೆ ಕಾಲಿಟ್ಟರೆ ವಿದ್ಯುತ್ ಮಗ್ಗಗಳ ಖಟಖಟ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಪ್ರಚಾರಕ್ಕೆ ಹೋದವರು ಕರೆಂಟು ಹೋಗುವುದನ್ನೇ ಕಾಯುತ್ತಾರೆ, ಆಗ ಮಾತ್ರ ಮಾತು ಕಿವಿಗೆ ಬೀಳುತ್ತದೆ. ಒಂದೇ ಓಣಿಯಲ್ಲಿ ಎರಡು ಬಗೆಯ ಜನ. ಮನೆಯಲ್ಲೇ ನಾಲ್ಕೋ ಆರೋ ಮಗ್ಗ ಹಾಕಿಕೊಂಡಿರುವ ಮಾಲೀಕರು ಒಂದು ಕಡೆ. ಸೀರೆಗೆ ಇಷ್ಟು ಎಂದು ಮಜೂರಿ ಪಡೆದು ಆ ಮಗ್ಗಗಳ ಮೇಲೆ ನೇಯುವ ಕೂಲಿ ನೇಕಾರರು ಇನ್ನೊಂದು ಕಡೆ. ಅವರ ಮನೆಯ ಹೆಂಗಸರು ಕಂಡಿಕೆ, ಅಂದರೆ ಮಗ್ಗಕ್ಕೆ ಹಾಕುವ ನೂಲಿನ ಸುರುಳಿ, ಸುತ್ತುತ್ತಾರೆ. ಮಾಲೀಕನಿಂದ ಪಡೆದ ಮುಂಗಡ ತೀರುವವರೆಗೆ ನೇಕಾರ ಬೇರೆಯವರ ಮಗ್ಗಕ್ಕೆ ಹೋಗುವುದು ಕಷ್ಟ, ಮದುವೆ, ಆಸ್ಪತ್ರೆ ಎಂದು ಆ ಮುಂಗಡ ತೀರುವುದೂ ಅಪರೂಪ.

ನಮ್ಮ ಕರಪತ್ರದ ಮೊದಲ ಬೇಡಿಕೆ ಹಿಂದಿನಿಂದಲೂ ಒಂದೇ ಆಗಿತ್ತು: ಮಜೂರಿ ಏರಬೇಕು, ಒಪ್ಪಂದ ಕಾಗದದ ಮೇಲೆ ಆಗಬೇಕು, ದೀಪಾವಳಿಗೆ ಬೋನಸ್ ಕೊಡಬೇಕು. ಆ ಸಲ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಓದಿದ ಹುಡುಗ, ಪತ್ರಿಕೆಗಳಿಗೆ ವಾಚಕರ ಪತ್ರ ಬರೆಯುವವನು ಎಂಬ ಹೆಸರಿತ್ತು. ನಾನು ಆ ಮೊದಲ ಬೇಡಿಕೆಯನ್ನೇ ತೆಗೆದುಹಾಕಿದೆ.

ನನ್ನ ಲೆಕ್ಕ ಮೂರ್ಖನ ಲೆಕ್ಕವಾಗಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ನಮ್ಮ ಓಣಿಯ ಮಾಲೀಕ ಗಿರಣಿ ಮಾಲೀಕನಲ್ಲ. ಒಂದು ಮಗ್ಗದ ಮೇಲೆ ಅವನೂ ನೇಯುತ್ತಾನೆ, ಅವನ ಹೆಂಡತಿಯೂ ಕಂಡಿಕೆ ಸುತ್ತುತ್ತಾಳೆ. ನೂಲಿನ ದರ ಏರಿದಾಗ, ಸೀರೆಯ ದರ ಬಿದ್ದಾಗ ನಡುವೆ ಸಿಕ್ಕಿ ನಲುಗುವವನು ಅವನು. ಅಂಥವನನ್ನು ಶೋಷಕನೆಂದು ಕರೆದು ದೂರ ಮಾಡಿಕೊಂಡು ಏನು ಸಾಧಿಸಿದೆವು? ಅವನ ಮನೆಯ ನಾಲ್ಕೈದು ಮತಗಳು, ಅವನ ಮಾತು ಕೇಳುವ ನೆಂಟರಿಷ್ಟರ ಮತಗಳು ಸೇರಿದರೆ ವಾರ್ಡ್ ನಮ್ಮದೇ. ಕೂಲಿ ನೇಕಾರರು ಹೇಗೂ ನಮ್ಮವರು, ಅವರು ಎಲ್ಲಿಗೆ ಹೋಗುತ್ತಾರೆ? ಈ ಕೊನೆಯ ವಾಕ್ಯವನ್ನು ಸಭೆಯಲ್ಲಿ ನಾನು ನಗುತ್ತಾ ಹೇಳಿದ್ದೆ.

ಹೊಸ ಕರಪತ್ರದಲ್ಲಿ ಮೊದಲನೆಯದು ವಿದ್ಯುತ್. ಆಗ ಮಗ್ಗಗಳಿಗೆ ಯೂನಿಟ್ಟಿಗೆ ₹1.25ರ ರಿಯಾಯಿತಿ ದರವಿತ್ತು. ಅದು ಮುಂದುವರಿಯಬೇಕು, ರಿಯಾಯಿತಿಯ ಮಿತಿ ಏರಬೇಕು ಎಂದು ಬರೆದೆ. ಎರಡನೆಯದು ನೂಲಿನ ದರ ನಿಯಂತ್ರಣ. ಮೂರನೆಯದು "ನೇಕಾರ ಸಮುದಾಯದ ಸರ್ವಾಂಗೀಣ ಅಭಿವೃದ್ಧಿ". ಈ ಮೂರನೆಯದಕ್ಕೆ ಅರ್ಥವೇನೆಂದು ನನ್ನನ್ನು ಕೇಳಬೇಡಿ.

ನಮ್ಮ ಅಭ್ಯರ್ಥಿ ಮಗ್ಗದ ಮೇಲೆಯೇ ತಲೆ ನರೆಸಿಕೊಂಡ ಹಿರಿಯರು, ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಕರಡು ಓದಿ, "ತಮ್ಮಾ, ಚೆಂದ ಬರೆದಿದ್ದೀಯ. ಆದರೆ ಇದನ್ನು ಹಿಡಿದುಕೊಂಡು ನಾನು ಯಾರ ಮನೆಗೆ ಹೋಗಲಿ?" ಎಂದರು. ಎಲ್ಲರ ಮನೆಗೂ ಹೋಗಬಹುದು ಕಾಕಾ, ಅದಕ್ಕೇ ಹೀಗೆ ಬರೆದಿದ್ದೇನೆ ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ಒಪ್ಪಿದರು ಎಂದುಕೊಂಡೆ.

ಕರಪತ್ರ ಹಂಚಲು ಹೋದಾಗ ಒಂದು ಮನೆಯ ಕಟ್ಟೆಯ ಮೇಲೆ ವಯಸ್ಸಾದ ಅಮ್ಮ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದರು. ಅವರಿಗೆ ಓದಲು ಬಾರದು. ಶಾಲೆಗೆ ಹೋಗುವ ಮೊಮ್ಮಗಳ ಕೈಗೆ ಕಾಗದ ಕೊಟ್ಟು ಓದಿಸಿದರು. ಹುಡುಗಿ ಒಂದೇ ಉಸಿರಿಗೆ ಓದಿ ಮುಗಿಸಿದಳು. "ಸಾಲು ಬಿಟ್ಟು ಓದಬೇಡ, ಮೊದಲಿನಿಂದ ಓದು" ಎಂದು ಅಮ್ಮ ಗದರಿದರು. ಹುಡುಗಿ ಮತ್ತೆ ಓದಿದಳು, ಈ ಸಲ ಬೆರಳಿಟ್ಟು. ಆಮೇಲೆ ಅಮ್ಮ ನನ್ನ ಕಡೆ ನೋಡಿ, "ಯಪ್ಪಾ, ಮಜೂರಿಯ ಮಾತು ಎಲ್ಲಿದೆ?" ಎಂದು ಕೇಳಿದರು. ವಿದ್ಯುತ್ ದರ ಕಡಿಮೆಯಾದರೆ ಮಾಲೀಕರಿಗೆ ಉಳಿತಾಯವಾಗುತ್ತದೆ, ಅದರಿಂದ ಮಜೂರಿಯೂ ತಾನಾಗಿ ಏರುತ್ತದೆ ಎಂದು ಏನೋ ವಿವರಿಸಿದೆ. "ಕರೆಂಟಿನ ಬಿಲ್ಲು ನನ್ನ ಹೆಸರಿಗೆ ಬರುವುದಿಲ್ಲವಲ್ಲ" ಎಂದು ಅವರು ಕಂಡಿಕೆ ಬದಲಿಸಿದರು.

ಈಗ ಆ ತಪ್ಪನ್ನು ಬಿಚ್ಚಿ ಹೇಳುತ್ತೇನೆ. 

ಬೇಡಿಕೆಯನ್ನು ಮೆದು ಮಾಡಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಾರೂ ಕೇಳುವ ಮೊದಲೇ ಬಿಟ್ಟುಕೊಟ್ಟೆ, ಅದು ತಪ್ಪು. ಒಬ್ಬ ಮಾಲೀಕನೂ ನನ್ನ ಬಳಿ ಬಂದು "ಮಜೂರಿ ಮಾತು ಕೈಬಿಡು, ಮತ ಕೊಡುತ್ತೇವೆ" ಎಂದಿರಲಿಲ್ಲ. ನನ್ನ ತಲೆಯೊಳಗಿನ ಮಾಲೀಕನ ಜೊತೆ ನಾನೇ ಚೌಕಾಸಿ ಮಾಡಿ, ನಾನೇ ಸೋತು, ಆ ಸೋಲನ್ನು ಅಚ್ಚು ಹಾಕಿಸಿದ್ದೆ. ನಿಜವಾದ ಮಾಲೀಕರ ಬಳಿ ಕರಪತ್ರ ಒಯ್ದಾಗ ಅವರಲ್ಲೊಬ್ಬರು ಓದಿ, "ಒಳ್ಳೆಯದಾಯಿತು. ಬೋನಸ್ಸಿನ ಗಲಾಟೆಯನ್ನೂ ನಿಮ್ಮ ನೇಕಾರರ ಸಂಘದವರು ಬಿಡುತ್ತಾರೆ ತಾನೇ?" ಎಂದರು. ಬಿಟ್ಟುಕೊಟ್ಟದ್ದಕ್ಕೆ ಬೆಲೆ ಸಿಗಲಿಲ್ಲ, ಇನ್ನಷ್ಟು ಬಿಡು ಎಂಬ ಮಾತು ಸಿಕ್ಕಿತು.

ಇನ್ನೊಂದು, ವಿದ್ಯುತ್ ಮತ್ತು ನೂಲಿನ ಬೇಡಿಕೆ ಎಲ್ಲ ಪಕ್ಷಗಳ ಕರಪತ್ರದಲ್ಲೂ ಇತ್ತು. ಅವರದು ಬಣ್ಣದ ಅಚ್ಚು, ನಮ್ಮದು ಕಪ್ಪು-ಬಿಳುಪು. ಬೆಂಗಳೂರಿನಲ್ಲಿ ಸರ್ಕಾರ ನಡೆಸಬಲ್ಲ ಪಕ್ಷ ಅದೇ ಮಾತು ಹೇಳುತ್ತಿರುವಾಗ ಮಾಲೀಕ ನಮಗೇಕೆ ಮತ ಹಾಕಬೇಕು? ಅಂಗಡಿಯ ಎದುರು ಅಂಗಡಿ ಹಾಕಿ ಅದೇ ಮಾಲನ್ನು ಅದೇ ದರಕ್ಕೆ ಮಾರಲು ಕೂತಂತಾಗಿತ್ತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನ್ನ ಲೆಕ್ಕದಲ್ಲೇ ಇಲ್ಲದ ಕಡೆ. ನಮ್ಮಲ್ಲಿ ದುಡ್ಡಿರಲಿಲ್ಲ. ಇದ್ದದ್ದು ಹಗಲೆಲ್ಲ ನೇಯ್ದು, ರಾತ್ರಿ ಊಟ ಬಿಟ್ಟು ಓಣಿ ಸುತ್ತುವ ಹುಡುಗರು. ಮತಗಟ್ಟೆಯ ಬಳಿ ಬಿಸಿಲಲ್ಲಿ ಚೀಟಿ ಬರೆದುಕೊಡುವವರೂ ಅವರೇ, ಮುದುಕರನ್ನು ಮನೆಯಿಂದ ಕರೆತರುವವರೂ ಅವರೇ. ಕರಪತ್ರ ಅಚ್ಚಾಗಿ ಬಂದ ಮೇಲೆ ಅವರು ಜಗಳವಾಡಲಿಲ್ಲ, ರಾಜೀನಾಮೆ ಕೊಡಲಿಲ್ಲ. ಒಬ್ಬನಿಗೆ ಮೈ ಸರಿಯಿಲ್ಲ, ಇನ್ನೊಬ್ಬನ ಮಗ್ಗದಲ್ಲಿ ತುರ್ತು ಸೀರೆ, ಮತ್ತೊಬ್ಬ ಮುಧೋಳಕ್ಕೆ ಮದುವೆಗೆ ಹೋಗಿದ್ದಾನೆ. ಕೊನೆಯ ವಾರ ಕಾಕಾ ಮತ್ತು ನಾನು ಇಬ್ಬರೇ ಓಣಿ ಸುತ್ತಿದೆವು. ಕೂಲಿ ನೇಕಾರರು ಎಲ್ಲಿಗೆ ಹೋಗುತ್ತಾರೆ ಎಂದು ನಕ್ಕಿದ್ದೆನಲ್ಲ, ಅವರು ಎಲ್ಲಿಗೂ ಹೋಗಲಿಲ್ಲ, ಮತಗಟ್ಟೆಗೂ ಸಹ. ಹೋದವರಲ್ಲಿ ಹಲವರು ಮುಂಗಡ ಕೊಟ್ಟವನ ಮಾತು ಕೇಳಿದರು. ಆ ಭಯವನ್ನು ಮುರಿಯಬಲ್ಲ ಒಂದೇ ಒಂದು ಸಾಲನ್ನು ನಾನು ಅಳಿಸಿಹಾಕಿದ್ದೆ.

ಲೇಬರ್ ಪಕ್ಷಕ್ಕೆ ಬರೋಣ. ಅದರ ನಾಯಕ ಟೋನಿ ಬ್ಲೇರ್ 1995ರಲ್ಲಿ ಪಕ್ಷದ ಸಂವಿಧಾನದ ನಾಲ್ಕನೆಯ ವಿಧಿಯನ್ನು, ಅಂದರೆ ಉತ್ಪಾದನಾ ಸಾಧನಗಳು ಸಾಮೂಹಿಕ ಒಡೆತನಕ್ಕೆ ಬರಬೇಕೆಂಬ ಮಾತನ್ನು ಬದಲಿಸಿ, 1997ರಲ್ಲಿ 418 ಸ್ಥಾನ ಗೆದ್ದರು. ಇದು ಸುಳ್ಳಲ್ಲ, ಮೆದುಗೊಂಡು ಗೆದ್ದ ನಿಜವಾದ ಉದಾಹರಣೆ. ಆದರೆ ನಿಮ್ಮ ಸ್ನೇಹಿತರು 2024ರ ಗೆಲುವನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ ಎಂದಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಆಗಿನ ಲೇಬರ್ ನಾಯಕ ಜೆರೆಮಿ ಕಾರ್ಬಿನ್ ಅವರ ಗಟ್ಟಿ ಎಡ ಪ್ರಣಾಳಿಕೆ 2017ರಲ್ಲಿ ಶೇ 40ರಷ್ಟು ಮತ ತಂದಿತ್ತು, ಸ್ಥಾನ 262, ಸೋಲು. ಅವರ ನಂತರ ಬಂದ ಕೀರ್ ಸ್ಟಾರ್ಮರ್ ಅವರ ಮೆದು ಪ್ರಣಾಳಿಕೆ 2024ರಲ್ಲಿ ತಂದದ್ದು ಶೇ 34ಕ್ಕೂ ಕಡಿಮೆ, ಸ್ಥಾನ 411, ಭಾರಿ ಗೆಲುವು. ಕಡಿಮೆ ಮತಕ್ಕೆ ಹೆಚ್ಚು ಸ್ಥಾನ ಬಂದದ್ದು ಬಹುಮಟ್ಟಿಗೆ ಎದುರಾಳಿಯ ಮತ ಇಬ್ಭಾಗವಾದದ್ದರಿಂದ. ಹಾಗೆಂದು ಗಟ್ಟಿಯಾದರೆ ಗೆಲ್ಲುತ್ತೀರಿ ಎಂದೂ ಅಲ್ಲ, ಅದೇ ಕಾರ್ಬಿನ್ 2019ರಲ್ಲಿ 202ಕ್ಕೆ ಕುಸಿದರು. ಮೆದು-ಗಟ್ಟಿ ಎಂಬ ಅಳತೆಗೋಲಿನಿಂದ ಈ ಮೂರು ಫಲಿತಾಂಶಗಳನ್ನು ಒಟ್ಟಿಗೆ ವಿವರಿಸಿ ನೋಡಿ, ಆಗುವುದಿಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ.

ಇನ್ನೂ ಹತ್ತಿರದ್ದು ಬಂಗಾಳ. ಅಲ್ಲಿನ ಎಡರಂಗ 1977ರಲ್ಲಿ ಅಧಿಕಾರಕ್ಕೆ ಬಂದು, ಮರುವರ್ಷವೇ ಗೇಣಿದಾರರ ಹೆಸರನ್ನು ದಾಖಲೆಗೆ ಬರೆಸುವ ಆಪರೇಷನ್ ಬರ್ಗಾ ಶುರು ಮಾಡಿತು. 34 ವರ್ಷ ಆಳಿತು. ಉದ್ಯಮ ತರಲೇಬೇಕೆಂದು ಸಿಂಗೂರಿನಲ್ಲಿ ಕಾರು ಕಾರ್ಖಾನೆಗೆ ಜಮೀನು ವಶಪಡಿಸಿಕೊಂಡಿತು, 2007ರಲ್ಲಿ ನಂದಿಗ್ರಾಮದಲ್ಲಿ ಗೋಲಿಬಾರ್ ಆಯಿತು. 2006ರಲ್ಲಿ 294ರಲ್ಲಿ 235 ಸ್ಥಾನವಿದ್ದದ್ದು 2011ರಲ್ಲಿ 62, 2021ರಲ್ಲಿ ಸೊನ್ನೆ. ಸೋಲಿಗೆ ನೂರು ಕಾರಣ ಹೇಳುವವರಿದ್ದಾರೆ. ಯಾರ ಹೆಸರಿಗೆ ಪಹಣಿ ಬರೆಸಿಕೊಟ್ಟು ಅಧಿಕಾರ ಉಳಿಸಿಕೊಂಡಿದ್ದರೋ ಅಂಥವರ ಹೊಲಕ್ಕೇ ಪೊಲೀಸರನ್ನು ಕಳಿಸಿದರೆ ಉಳಿದ ತೊಂಬತ್ತೊಂಬತ್ತು ಕಾರಣ ನನಗೆ ಬೇಡ.

ನಮ್ಮ ಭಾಗದಲ್ಲೇ ನೋಡಿ. ರೈತ ಸಂಘದ ಹಸಿರು ಶಾಲು ಹೊದ್ದು 1989ರಲ್ಲಿ ಕಿತ್ತೂರಿನಿಂದ ವಿಧಾನಸಭೆಗೆ ಗೆದ್ದ ಬಾಬಾಗೌಡ ಪಾಟೀಲರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ಕೇಂದ್ರದಲ್ಲಿ ಸಚಿವರೂ ಆದರು. ಅದು ಅವರ ಆಯ್ಕೆ, ತಪ್ಪೆನ್ನಲು ನಾನು ಯಾರು? ಆದರೆ ಆ ಗೆಲುವು ರೈತ ಸಂಘದ್ದಾಗಿರಲಿಲ್ಲ.

ಮತದಾರರಿಗೆ ತೀರಾ ಎಡದ ಮಾತು ಇಷ್ಟವಾಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಯಾವ ಮತದಾರರು? "ಉಳುವವನೇ ಹೊಲದೊಡೆಯ" ಎನ್ನುವುದಕ್ಕಿಂತ ಎಡದ ಮಾತು ಬೇಕೇ? 1974ರಲ್ಲಿ ಅದನ್ನು ಕಾನೂನು ಮಾಡಿದವರು ಕಾಂಗ್ರೆಸ್ಸಿನ ದೇವರಾಜ ಅರಸು, 1978ರಲ್ಲಿ ಮತ್ತೆ ಗೆದ್ದರು. ಎರಡೇ ವರ್ಷಕ್ಕೆ, ಇಂದಿರಾ ಗಾಂಧಿಯವರಿಂದ ಬೇರೆಯಾದ ಮೇಲೆ, ನೆಲಕಚ್ಚಿದರು ಎಂಬುದನ್ನೂ ಹೇಳಬೇಕು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಕೊಟ್ಟ ಗ್ಯಾರಂಟಿಗಳನ್ನೇ ತೆಗೆದುಕೊಳ್ಳಿ. ಮನೆಯೊಡತಿಗೆ ತಿಂಗಳಿಗೆ ₹2,000, ಹೆಂಗಸರಿಗೆ ಬಸ್ ಪ್ರಯಾಣ ಉಚಿತ. ಇದು ಎಡವೋ ಬಲವೋ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳಲಿಲ್ಲ. ಯಾರ ಕೈಗೆ, ಎಷ್ಟು, ಯಾವಾಗಿನಿಂದ ಎಂದು ಕೇಳಿದರು. 135 ಸ್ಥಾನ ಬಂತು. ಎಡಪಕ್ಷಗಳು ದಶಕಗಳಿಂದ ಹೇಳುತ್ತಾ ಬಂದದ್ದರಲ್ಲಿ ಕೆಲವನ್ನು ದೊಡ್ಡ ಪಕ್ಷವೊಂದು ಎಣಿಸಿ ಕೊಡಬಹುದಾದ ರೂಪದಲ್ಲಿ ಹೇಳಿತು, ನಾವು ನೋಡುತ್ತಾ ಕೂತೆವು.

ಹಾಗಾದರೆ ಏನು ಮಾಡಬೇಕು ಎಂದರೆ, ನನ್ನ ಅಭಿಪ್ರಾಯ ಇಷ್ಟು. ಭಾಷಣ ಮೆದುವಾಗಲಿ, ಅದರಲ್ಲಿ ನಷ್ಟವಿಲ್ಲ. ನಾಲ್ಕು ಮಗ್ಗದ ಮಾಲೀಕನನ್ನು ಬೈಯಬೇಕಿಲ್ಲ. ಮಜೂರಿಯನ್ನು ಉಳಿಸಿಕೊಂಡೇ, ಅದರ ಭಾರ ಅವನ ಮೇಲೆ ಬೀಳದಂತೆ ನೂಲಿನ ವ್ಯಾಪಾರಿಯ ಕಡೆಗೋ ಸರ್ಕಾರದ ಕಡೆಗೋ ಬೆರಳು ತೋರಿಸಬಹುದಿತ್ತು. ನನಗೆ ಆಗ ಹೊಳೆಯಲಿಲ್ಲ, ಕಾಕಾ ಅವರಿಗೆ ಹೊಳೆದಿತ್ತೆಂದು ಆಮೇಲೆ ಗೊತ್ತಾಯಿತು. ಹೊಂದಾಣಿಕೆ ಬೇಕಿದ್ದರೆ ಸ್ಥಾನ ಹಂಚಿಕೆಯಲ್ಲಿ ಮಾಡಿಕೊಳ್ಳಿ. ಎರಡು ವಾರ್ಡ್ ಬಿಟ್ಟುಕೊಟ್ಟು ಒಂದರಲ್ಲಿ ಬೆಂಬಲ ಪಡೆಯಿರಿ, ನಾಚಿಕೆ ಬೇಡ. ಆದರೆ ನಿಮಗಾಗಿ ಸಂಬಳವಿಲ್ಲದೆ ಓಣಿ ಸುತ್ತುವವನು ಯಾವ ಬೇಡಿಕೆಗಾಗಿ ಸುತ್ತುತ್ತಾನೋ ಅದನ್ನು ಮುಟ್ಟಬೇಡಿ. ಲೇಬರ್‌ನಂಥ ಪಕ್ಷ ಅದನ್ನು ಮುಟ್ಟಿಯೂ ಬದುಕಬಹುದು. ಅದಕ್ಕೆ ಹಣವಿದೆ, ಆ ದೇಶದಲ್ಲಿ ಕನ್ಸರ್ವೇಟಿವ್ ಸರ್ಕಾರವನ್ನು ಬದಲಿಸಬೇಕೆಂದರೆ ದಶಕಗಳ ಕಾಲ ಬಹುತೇಕ ಅದರ ಬಾಗಿಲಿಗೇ ಬರಬೇಕಿತ್ತು. ನಿಮ್ಮ ತಾಲ್ಲೂಕಿನ ಪಕ್ಷಕ್ಕೆ ಆ ಎರಡೂ ಇಲ್ಲ.

ಸೋಲುತ್ತಲೇ ಇರಬೇಕೇ ಎಂದು ಕೇಳುತ್ತೀರಿ. ಕೆಲವು ಸಲ ಹೌದು. ಬಾಗೇಪಲ್ಲಿಯಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲಿ ಗೆದ್ದವರು ಮತ್ತೆ ಗೆದ್ದದ್ದು 2004ರಲ್ಲಿ. ನಡುವಿನ ಹತ್ತು ವರ್ಷ ಯಾರೂ ಪಕ್ಷದ ಬೋರ್ಡು ಬದಲಿಸಲಿಲ್ಲ.

ನಾನು ಈಗ ಚುನಾವಣೆಯ ಕೆಲಸ ಮಾಡುವುದಿಲ್ಲ, ನೇಕಾರರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಜಾತಿಯ ಲೆಕ್ಕವನ್ನು ನೀವು ಕೇಳಿಲ್ಲ. ನೇಕಾರರಲ್ಲೇ ದೇವಾಂಗ, ಹಟಗಾರ, ಕುರುಹಿನಶೆಟ್ಟಿ ಎಂದು ಜಾತಿವಾರು ಮತ ಒಡೆಯುವಾಗ ಈ ಮಜೂರಿ ವಾದ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ಬೇರೆಯೇ ಉತ್ತರ ಬರೆಯಬೇಕು. ನಿಮ್ಮ ಪಕ್ಷದವರು ಪ್ರಣಾಳಿಕೆಯ ಕರಡು ಮಾಡಿದ್ದರೆ ಅದನ್ನು ಕಳಿಸಿ, ಏನನ್ನು ತೆಗೆದಿದ್ದೀರಿ ಎಂಬ ಪಟ್ಟಿಯನ್ನೂ ಜೊತೆಗಿಡಿ.