ತೊರೆ ಪುನಶ್ಚೇತನದಲ್ಲಿ ಪಿಎಚ್‌ಡಿ: ಗೈಡ್‌ಗಳಿಂದ ಉತ್ತರ ಬರುತ್ತಿಲ್ಲವೆಂಬ ಪ್ರಶ್ನೆಗೆ

ಪಿಎಚ್‌ಡಿಗೆ ಕೇಳಿದ ಗೈಡ್‌ಗಳು ಉತ್ತರಿಸದಿರಲು ಕಾರಣ ಬಹುಶಃ ನಿಮ್ಮ ವಿಷಯವೇ. ನೀವು ಬರೆದಿರುವ 'ಕೊಡಗಿನಲ್ಲಿ ಕಾವೇರಿ ಪುನಶ್ಚೇತನ' ಒಬ್ಬರಿಂದ ಮುಗಿಯುವ ಕೆಲಸವಲ್ಲ. ಮೊದಲು ಅದನ್ನು ಒಂದೇ ಪ್ರಶ್ನೆಗೆ ಇಳಿಸಿ: ಕಾಫಿ ತೋಟದ ತೊರೆಯ ದಡದಲ್ಲಿ ಸ್ಥಳೀಯ ಮರ ಬೆಳೆಸಿದರೆ ನೀರಿನ ಕೀಟಗಳು ಮರಳುತ್ತವೆಯೇ? ಹೋಲಿಕೆಗೆ ಗಿಡ ನೆಡದ ತೋಟದ ತೊರೆಯೊಂದು, ದೇವರಕಾಡಿನ ತೊರೆಯೊಂದು ಬೇಕೇ ಬೇಕು. ಇಲ್ಲದಿದ್ದರೆ ಬದಲಾವಣೆ ಮರಗಳಿಂದಲೋ ಆ ವರ್ಷದ ಮಳೆಯಿಂದಲೋ ಹೇಳಲಾಗದು. ಮುಂಗಾರಿಗೆ ಮುಂಚೆ, ಮಳೆ ಮುಗಿದ ಮೇಲೆ ನೀರು, ಕೀಟಗಳ ಮಾದರಿ ತೆಗೆಯಿರಿ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ) ಸಮಯವನ್ನಂತೂ ಬಿಡಬೇಡಿ, ಆ ತೊಳೆನೀರು ತೊರೆಗೆ ಸೇರಿದರೆ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ.

ಇದನ್ನು ಎರಡು ಪುಟದಲ್ಲಿ ಬರೆದು ಪೊನ್ನಂಪೇಟೆ ಅರಣ್ಯ ಕಾಲೇಜು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ (ATREE), ಇವುಗಳಲ್ಲಿ ಈ ಕ್ಷೇತ್ರದವರಿಗೆ ಕಳಿಸಿ. ಜೊತೆಗೇ ಯುಜಿಸಿ ನೆಟ್ ಪರೀಕ್ಷೆ ಬರೆಯಿರಿ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ ₹37,000 ನಿಮ್ಮದೇ ಕೈಯಲ್ಲಿರುತ್ತದೆ, ಗೈಡ್ ಒಪ್ಪುವುದೂ ಸುಲಭ. ತೋಟದ ಮಾಲೀಕರ ಒಪ್ಪಿಗೆಪತ್ರ ಈಗಲೇ ಪಡೆಯಿರಿ.